ಎಣಿಕೆಯ ದಿನ ಹಾಕಿದ ಚಿಲಕ

ನನ್ನ ಹೆಸರು ಗುರುತಿನ ಚೀಟಿಯಲ್ಲಿದೆ, ನೋಡಿ ಬರೆದುಕೊಳ್ಳಿ. ವಯಸ್ಸು ನಲವತ್ತೊಂಬತ್ತು. ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಟೀಚರು. ವಾಸ ಶಾಲೆಯ ಹಿಂದಿನ ಬೀದಿ. ಪೊಲೀಸರಾದ ತಾವು ಕೇಳಿದ್ದಕ್ಕೆ ತಿಳಿಸುವುದೇನೆಂದರೆ:

ನಮ್ಮದು ಸಣ್ಣ ಶಾಲೆ. ಈ ಬೀದಿಯ ಹಳಬರು ತಮ್ಮ ಮಕ್ಕಳನ್ನು ಬಸ್ಸು ಹತ್ತಿಸಿ ದೊಡ್ಡ ಶಾಲೆಗಳಿಗೆ ಕಳಿಸುತ್ತಾರೆ. ನಮ್ಮಲ್ಲಿ ಓದುವವರು ಹೆಚ್ಚಾಗಿ ಕಟ್ಟಡ ಕೆಲಸಕ್ಕೆ ಹೊರಗಿನಿಂದ ಬಂದವರ ಮಕ್ಕಳು. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಭಾಷೆ. ಶಾಲೆಯಲ್ಲಿ ಜಗಳವಾಡುವುದು ಮಾತ್ರ ಕನ್ನಡದಲ್ಲಿ. ಅಪ್ಪ ಅಮ್ಮ ಬೆಳಗ್ಗೆಯೇ ಕೆಲಸಕ್ಕೆ ಹೋಗುವುದರಿಂದ ಈ ಮಕ್ಕಳೇ ತಮ್ಮ-ತಂಗಿಯರನ್ನು ಶಿಶುವಿಹಾರಕ್ಕೆ ಬಿಟ್ಟು ಬರಬೇಕು. ಅದರ ಬಾಗಿಲು ತೆರೆಯುವುದೇ ಒಂಬತ್ತೂವರೆಗೆ. ಹಾಗಾಗಿ ನಾವು ಹಾಜರಿ ಕರೆಯುವುದು ಎರಡನೇ ಪೀರಿಯಡ್ಡಿನಲ್ಲಿ.

ಇಂದು ಒಂಬತ್ತಕ್ಕೇ ಶಿಕ್ಷಣ ಇಲಾಖೆಯ ಸಾಹೇಬರು ಮಕ್ಕಳನ್ನು ಎಣಿಸಲು ಬಂದರು. ಮಕ್ಕಳು ಕಡಿಮೆಯಿದ್ದರೆ ಶಾಲೆಗೆ ಬೀಗವೆಂದು ಮೊದಲೇ ತಿಳಿಸಿದ್ದರು. ಬೆಂಚುಗಳ ಮೇಲೆ ಕಣ್ಣಾಡಿಸಿ, ಹೆಡ್‌ಮಾಸ್ಟರ ಕೋಣೆಗೆ ಬಂದು ಬ್ಯಾಗು ಮುಚ್ಚಿದರು. ಅರ್ಧ ಗಂಟೆ ಕೂರಿ, ಉಳಿದ ಮಕ್ಕಳು ಬರುತ್ತಾರೆ ಎಂದು ಕೇಳಿಕೊಂಡೆ. "ಅಲ್ಲಮ್ಮಾ, ಇವತ್ತು ಇರ್ತಾರೆ, ನಾಳೆ ಗಂಟುಮೂಟೆ ಕಟ್ತಾರೆ. ಇಂಥೋರಿಗೆ ಒಂದು ಶಾಲೆ ಬೇರೆ ಕೇಡು" ಎಂದರು. ನಾನು ಅವರನ್ನು ಕೋಣೆಯಲ್ಲೇ ಬಿಟ್ಟು ಹೊರಬಂದು ಚಿಲಕ ಹಾಕಿದೆ. ಮೈ ಮುಟ್ಟಿಲ್ಲ, ಬೈದಿಲ್ಲ. ಮನಸ್ಸಿನಲ್ಲಿ ಬೈದದ್ದನ್ನು ಬರೆಯಬೇಡಿ.

ಅವರು ಒಳಗಿನಿಂದಲೇ ಠಾಣೆಗೆ ಫೋನ್ ಮಾಡಿದರು. ನಮ್ಮ ನೀರಿನ ಪಂಪು ಕಳವಾದಾಗ ಎಷ್ಟು ಕರೆದರೂ ಈ ಕಡೆ ತಲೆ ಹಾಕದ ತಾವು ಇಂದು ಹಾರಿಕೊಂಡು ಬಂದಿರಿ. ಜೀಪನ್ನು ಗೇಟಿಗೆ ಅಡ್ಡ ನಿಲ್ಲಿಸಿದಿರಿ. ನಾನು ಚಿಲಕ ತೆಗೆದೆ.

ಅದೇ ಹೊತ್ತಿಗೆ ಬೀದಿಯ ತಿರುವಿನಲ್ಲಿ ನಮ್ಮ ಮಕ್ಕಳು ಕಂಡರು. ಇಡೀ ಗುಂಪು ಬರುತ್ತಿತ್ತು. ಜೀಪು ನೋಡಿ ನಿಂತುಬಿಟ್ಟರು. ಅವರ ಶೆಡ್ಡುಗಳ ಹತ್ತಿರ ಜೀಪು ಬರುವುದು ಜಾಗ ಖಾಲಿ ಮಾಡಿಸಲಿಕ್ಕೇ ಎಂದು ತಮಗೂ ಗೊತ್ತು, ಅವರಿಗೂ ಗೊತ್ತು. ನಾವು ಏಣಿ ಎಂದು ಕರೆಯುವ ಎತ್ತರದ ಹುಡುಗಿ ಏನೋ ಕೂಗಿದಳು. ಎಲ್ಲರೂ ಬಂದ ದಾರಿಯಲ್ಲೇ ಓಡಿದರು. "ಬನ್ರೋ, ಏನೂ ಆಗಲ್ಲ, ನಾನಿದೀನಿ" ಎಂದು ಗಂಟಲು ಹರಿಯುವಂತೆ ಕೂಗಿದೆ. ಒಬ್ಬರೂ ತಿರುಗಿ ನೋಡಲಿಲ್ಲ.

ಸಾಹೇಬರು ಮೆಟ್ಟಿಲ ಮೇಲೆ ನಿಂತು, ಎಲ್ಲಿ ನಿಮ್ಮ ಮಕ್ಕಳು ಎಂದು ನಗುತ್ತಾ ಕೇಳಿದರು. ಮಕ್ಕಳನ್ನು ತೋರಿಸಬೇಕೆಂದು ಚಿಲಕ ಹಾಕಿದ ನಾನೇ ಅವರನ್ನು ಓಡಿಸಿದಂತಾಯಿತು. ಇದಕ್ಕೆ ನಿಮ್ಮಲ್ಲಿ ಕಲಂ ಇದ್ದರೆ ಅದನ್ನೂ ಸೇರಿಸಿ.

ಬರೆದದ್ದನ್ನು ಓದಿ ಹೇಳಿದಿರಿ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ಸಾಹೇಬರು ಇನ್ನೂ ಇಲ್ಲೇ ಟೀ ಕುಡಿಯುತ್ತಿದ್ದಾರೆ. ಮಕ್ಕಳು ದೂರ ಹೋಗಿರಲಾರರು.

ಸ್ಥಳ: ಶಾಲೆಯ ಸ್ಟಾಫ್ ರೂಮು
ದಿನಾಂಕ: ಎಣಿಕೆಯ ದಿನ
ಸಹಿ: ಗೇಟಿನಿಂದ ಜೀಪು ತೆಗೆದ ಮೇಲೆ