ಬ್ರಾಕೆಟ್ಟಿನೊಳಗಿನ ಅಳು

ನಗುವವರು ಈಗಲೇ ನಕ್ಕುಬಿಡಿ. ಮಧ್ಯದಲ್ಲಿ ಯಾರಾದರೂ ಕಿಸಕ್ಕೆಂದರೆ ನಾನು ಎದ್ದು ಹೋಗಿ ಮಲಗುತ್ತೇನೆ. ಇದು ಅವರಿವರು ಹೇಳಿದ್ದಲ್ಲ, ನನ್ನ ಸ್ವಂತ ಚಿಕ್ಕಮ್ಮನ ಮಗನಿಗೆ ಆದದ್ದು.

ಅವತ್ತು ಅವನು ಕೆಲಸ ಮುಗಿಸಿ ಹೊರಡುವಾಗಲೇ ಹೊತ್ತಾಗಿತ್ತು. ಮನೆಗೆ ಹೋಗುವ ಓಣಿಯ ತಿರುವಿನಲ್ಲಿ ಒಂದು ಹಾಳುಬಾವಿ. ಬಾಯಿಗೆ ತಗಡು ಮುಚ್ಚಿ, ಮೇಲೆ ಕಲ್ಲು ಹೇರಿದ್ದಾರೆ. ಅದನ್ನು ದಾಟುವಾಗ... ಕೊರ್. ನಿಂತ. ಮತ್ತೆ... ಕೊರ್... ಕ್. ಕಪ್ಪೆಯದಲ್ಲ. ನೀರಿನದೂ ಅಲ್ಲ.

ಶಬ್ದದ ವಿಷಯದಲ್ಲಿ ಅವನು ತಪ್ಪುವವನಲ್ಲ. ನಾವೆಲ್ಲ ಅವನನ್ನು ಕಿವಿಯಣ್ಣ ಅನ್ನುವುದೇ ಅದಕ್ಕೆ. ಅವನ ಕಂಪನಿಯವರು ದೂರದೂರದ ದೇಶಗಳ ಹಳೇ ಪಿಚ್ಚರುಗಳನ್ನು, ಎಲ್ಲರೂ ಮರೆತುಬಿಟ್ಟವನ್ನು, ಹುಡುಕಿ ತೆಗೆದು ಡಿಸ್ಕು ಮಾಡಿ ಮಾರುತ್ತಾರೆ. ಅವಕ್ಕೆ ಸಬ್‌ಟೈಟಲ್ ಬರೆಯುವವನು ಇವನು. ಕಿವಿ ಕೇಳದವರೂ ನೋಡಬೇಕಲ್ಲ, ಹಾಗಾಗಿ ಮಾತಿನ ಜೊತೆ ಶಬ್ದವನ್ನೂ ಬ್ರಾಕೆಟ್ಟಿನಲ್ಲಿ ಬರೆಯುತ್ತಾನೆ. [ಬಾಗಿಲು ಕಿರುಗುಡುತ್ತದೆ]. [ದೂರದಲ್ಲಿ ನಾಯಿ ಬೊಗಳುತ್ತದೆ]. ಈ ಚಟ ಎಷ್ಟು ಅಂಟಿಕೊಂಡಿದೆ ಎಂದರೆ ದಾರಿಯಲ್ಲಿ ಏನು ಕೇಳಿಸಿದರೂ ತುಟಿಯಲ್ಲೇ ಬರೆದುಬಿಡುತ್ತಾನೆ.

ಬಾವಿಯ ಹತ್ತಿರವೂ ಹಾಗೇ ಗೊಣಗಿದ. "ಮಗುವಿನ ಉಸಿರು ಕಟ್ಟುತ್ತದೆ."

ಅಂದ ಮೇಲೆ ಎದೆ ಧಸಕ್ಕೆಂದಿತು. ಮನೆಯಲ್ಲಿ ಅಂಬೆಗಾಲಿಡುವ ಪಾಪು ಇದೆ. ಅತ್ತಿಗೆಗೆ, ಅಂದರೆ ಅವನ ಹೆಂಡತಿಗೆ, ಜ್ವರ ಬಂದು ಎರಡೂ ಕಿವಿ ಹೋಗಿವೆ. ಎದ್ದೆನೋ ಬಿದ್ದೆನೋ ಎಂದು ಓಡಿದ.

ಬಾಗಿಲಲ್ಲೇ ಅತ್ತಿಗೆ ನಿಂತಿದ್ದರು. ಹೆಗಲ ಮೇಲೆ ಪಾಪು... ಉಸಿರಾಡುತ್ತಿತ್ತು. ಅತ್ತಿಗೆಯ ಅಂಗೈಯಲ್ಲಿ ಅಂಗಿಯ ಗುಂಡಿ, ಜೊಲ್ಲಿನಲ್ಲಿ ಒದ್ದೆ.

"ಗಂಟಲಲ್ಲಿ ಸಿಕ್ಕಿತ್ತು ರೀ," ಅಂತ ಪಿಸುಗುಟ್ಟಿದರು.

"ಹೇಗೆ ಗೊತ್ತಾಯ್ತು ನಿಂಗೆ?" ಅವರು ತುಟಿ ಓದಲಿ ಎಂದು ಮುಖಕ್ಕೆ ಮುಖ ಕೊಟ್ಟು ಕೇಳಿದ.

"ನೀವೇ ಬರೆದಿದ್ರಲ್ಲ!"

ಡಿಸ್ಕು ಅಂಗಡಿಗೆ ಹೋಗುವ ಮುಂಚೆ ಪ್ರತಿಯೊಂದನ್ನೂ ನೋಡಿ ತಪ್ಪು ಹಿಡಿಯುವವರು ಅತ್ತಿಗೆಯೇ. ಅವತ್ತು ಹಾಕಿದ್ದು ಕಪ್ಪು-ಬಿಳುಪಿನ ಪಿಚ್ಚರು. ಸಮುದ್ರದ ದೀಪಸ್ತಂಭ ಕಾಯುವವನ ಹೆಂಡತಿ ಒಬ್ಬಳೇ ಮನೆಯಲ್ಲಿ ಕೂತು ಗಂಡನಿಗೆ ಕಾಯುತ್ತಾಳೆ... ಅಷ್ಟೇ ಕತೆ. "ಮೊದಲು ಸ್ವಲ್ಪ ತಡ್ಕೊಳ್ಳಿ, ಆಮೇಲೆ ಜೀವಮಾನದಲ್ಲಿ ಮರೆಯಲ್ಲ" ಎಂದು ಕಿವಿಯಣ್ಣ ಕಂಡಕಂಡವರ ತಲೆ ತಿನ್ನುತ್ತಿದ್ದ ಪಿಚ್ಚರು.

"ಅವಳು ಕನ್ನಡಿ ಮುಂದೆ ತಲೆ ಬಾಚ್ಕೋತಾ ಇದ್ಳು," ಅಂದರು ಅತ್ತಿಗೆ. "ಕೆಳಗೆ ಬಂತು... ಮಗುವಿನ ಉಸಿರು ಕಟ್ಟುತ್ತದೆ, ಅಂತ. ಈ ಪಿಚ್ಚರಲ್ಲಿ ಮಗೂನೇ ಇಲ್ವಲ್ಲ ಅನ್ನಿಸ್ತು. ತಿರುಗಿ ನೋಡಿದೆ... ಪಾಪು ಮುಖ ನೀಲಿ."

ಆ ಸಾಲನ್ನು ಕಿವಿಯಣ್ಣ ಬರೆದಿರಲಿಲ್ಲ. ಅಂದದ್ದು ಮಾತ್ರ... ಅದೂ ಬಾವಿಯ ಹತ್ತಿರ.

ಇಬ್ಬರೂ ಡಿಸ್ಕನ್ನು ಮತ್ತೆ ಹಾಕಿ ನೋಡಿದರು. ಹೆಂಗಸು ತಲೆ ಬಾಚಿದಳು, ಎದ್ದಳು, ಹೋದಳು. ಕೆಳಗೆ ಏನೂ ಬರಲಿಲ್ಲ. ಟಿವಿ ಆರಿಸಿ, ಪಾಪುವಿನ ನೆತ್ತಿಗೆ ಮೂಗು ಒತ್ತಿ ಕಿವಿಯಣ್ಣ ಅತ್ತೇಬಿಟ್ಟ. ಹೋದ ಜೀವ ಬಂದಂತಾಗಿತ್ತು.

ಆಗ ಅತ್ತಿಗೆ ಅವನ ತೋಳು ಹಿಡಿದರು. "ಇನ್ನೊಂದು ಸಾಲೂ ಬಂದಿತ್ತು."

"ಏನಂತ?"

"ಗುಂಡಿ ತೆಗೆದೆ. ಪಾಪು ಅತ್ತು ಸುಮ್ಮನಾಯ್ತು. ಆಮೇಲೆ ಬಂತು... ಮಗು ಇನ್ನೂ ಅಳುತ್ತಿದೆ, ಅಂತ." ಅವನ ತುಟಿಯನ್ನೇ ನೋಡುತ್ತಾ ಕೇಳಿದರು. "ನಂಗೆ ಕೇಳಿಸಲ್ಲ. ನೀವು ಹೇಳಿ. ಮನೇಲಿ ಎಲ್ಲಾದ್ರೂ... ಅಳ್ತಾ ಇದೆಯಾ?"

ಪಾಪು ಹೆಗಲ ಮೇಲೆ ನಿದ್ದೆ ಹೋಗಿತ್ತು. ಕಿವಿಯಣ್ಣ ಉಸಿರು ಹಿಡಿದು ಆಲಿಸಿದ.

"ಇಲ್ಲ," ಅಂದ.

ಸುಳ್ಳು. ಒಳಕೋಣೆಯಿಂದ ಬರುತ್ತಿತ್ತು, ತೀರಾ ಸಣ್ಣಗೆ... ಉಂವ್ಯಾ... ಉಂವ್ಯಾ... ಈಗಷ್ಟೇ ಹುಟ್ಟಿದ ಕೂಸಿನದು, ಹಾಲು ಕೇಳುವ ಅಳು. ಅತ್ತಿಗೆಗೆ ಅವನು ಇವತ್ತಿಗೂ ಹೇಳಿಲ್ಲ. ನನ್ನೊಬ್ಬನಿಗೆ ಹೇಳಿದ.

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಮೊನ್ನೆ ಅವರ ಮನೆಯಲ್ಲಿ ಉಳಿದಿದ್ದಾಗ ನಾನೇ ಕಣ್ಣಾರೆ ಕಂಡೆ. ಕಿವಿಯಣ್ಣ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಮಲಗುತ್ತಾನೆ. ಅತ್ತಿಗೆ ಪಾಪುವಿನ ಎದೆಯ ಮೇಲೆ ಕೈ ಇಟ್ಟು ಮಲಗುತ್ತಾರೆ. ಪಾಪು ಅತ್ತರೆ ಮೊದಲು ಏಳುವುದು ಅತ್ತಿಗೆ.