ಮಧ್ಯಾಹ್ನದ ಕಾವು ಯಾರದು

ನಾನು, ಬೀದಿಯವರೆಲ್ಲ ಟೈಲರಮ್ಮ ಎಂದು ಕರೆಯುವವಳು, ವಯಸ್ಸು ನಲವತ್ತಾರು, ಕಸುಬು ಮನೆಯಲ್ಲೇ ಬಟ್ಟೆ ಹೊಲಿಯುವುದು, ವಾಸ ಈ ಠಾಣೆಯ ಹಿಂದಿನ ಬೀದಿಯ ಮೂರಂತಸ್ತಿನ ಕಟ್ಟಡದ ಮೊದಲನೇ ಮಹಡಿ, ಇಂದು ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಗಂಡ ಸ್ಕೂಲ್ ವ್ಯಾನ್ ಓಡಿಸುತ್ತಾರೆ. ನಮ್ಮ ತಾರಸಿಯ ಗೂಡಿನಿಂದ ಒಂದು ಗಂಡು ಪಾರಿವಾಳವನ್ನು ನೀರಿನ ಟ್ಯಾಂಕ್ ತೊಳೆಯುವವನು ಕದ್ದಿದ್ದಾನೆ ಎಂದು ಅವರು ನಿನ್ನೆ ದೂರು ಕೊಟ್ಟಿದ್ದಾರೆ. ಆ ದೂರು ತಪ್ಪು. ಹಕ್ಕಿಯನ್ನು ತೆಗೆದುಕೊಂಡು ಹೋದವಳು ನಾನು. ಅದು ಗಂಡೂ ಅಲ್ಲ. ಟ್ಯಾಂಕಿನವರು ಈಗಲೂ ನನ್ನ ಎದುರಿನ ಬೆಂಚಿನ ಮೇಲೆ ಕೂತಿರುವುದರಿಂದ ಇದನ್ನು ಮೊದಲೇ ಹೇಳಿಬಿಟ್ಟೆ. ಆದರೆ ಬರೆದುಕೊಳ್ಳುತ್ತಿರುವ ರೈಟರ್, ಹಂಗೆ ಒಂದೇ ಮಾತಲ್ಲಿ ಮುಗಿಯಲ್ಲಮ್ಮ, ಮೊದಲಿಂದ ಹೇಳಿ ಎಂದದ್ದರಿಂದ ಮೊದಲಿಂದ ಹೇಳುತ್ತೇನೆ.

ನಮ್ಮಲ್ಲಿ ಹತ್ತೊಂಬತ್ತು ಪಾರಿವಾಳಗಳಿವೆ. ಸಾಕಿದವರು ನನ್ನ ಗಂಡ, ಸಾಕಾದವಳು ನಾನು. ನೀರಿನ ಟ್ಯಾಂಕ್ ಇರುವುದು ತಾರಸಿಯಲ್ಲೇ ಆದರೂ ಅಲ್ಲಿ ನಲ್ಲಿ ಇಲ್ಲ. ಆದ್ದರಿಂದ ಹಕ್ಕಿಗಳಿಗೆ ಬೇಕಾದ ನೀರನ್ನು ನಮ್ಮ ಅಡುಗೆಮನೆಯಿಂದ ಬಕೆಟ್ಟಿನಲ್ಲಿ ಎರಡು ಮಹಡಿ ಹೊತ್ತು ಹತ್ತಬೇಕು. ಕುಡಿಯುವ ಬಟ್ಟಲನ್ನು ದಿನಾ ಬೆಳಿಗ್ಗೆ ಜಾರು ಹೋಗುವಂತೆ ಉಜ್ಜಬೇಕು. ವಾರಕ್ಕೆರಡು ಸಲ ಅಗಲದ ಟಬ್ಬಿನಲ್ಲಿ ಅವುಗಳಿಗೆ ಸ್ನಾನದ ನೀರಿಡಬೇಕು. ಹಕ್ಕಿಗಳು ಮಿಂದ ನೀರಿಗೇ ಹಿಕ್ಕೆ ಹಾಕುತ್ತವೆ, ಆಮೇಲೆ ಅದನ್ನೇ ಕುಡಿದು ಕಾಯಿಲೆ ಬೀಳುತ್ತವೆ. ಹಾಗಾಗಿ ಕೊನೆಯ ಹಕ್ಕಿ ಮೈ ಕೊಡವಿಕೊಂಡು ಎದ್ದ ತಕ್ಷಣ ಟಬ್ ಬೋರಲು ಹಾಕಬೇಕು. ಈ ಕಾನೂನೆಲ್ಲ ಗಂಡನದು, ಬೆನ್ನು ನನ್ನದು. ಗಂಡ ಬೆಳಿಗ್ಗೆ ಆರಕ್ಕೆ ಹೊರಟರೆ ಮನೆ ಸೇರುವುದು ರಾತ್ರಿ ಏಳರ ಮೇಲೆ.

ದೂರಿನಲ್ಲಿರುವ ಜೋಡಿಯನ್ನು ಎರಡು ತಿಂಗಳ ಹಿಂದೆ ತಂದದ್ದು. ಒಂದು ದಪ್ಪ ಕತ್ತಿನ ಬೂದು ಹಕ್ಕಿ, ಇನ್ನೊಂದು ಸಣ್ಣ ಮೈಯ ಬಿಳಿಯದು. ಗಂಡ ಬೂದನ್ನು ಕೈಯಲ್ಲಿ ತಿರುಗಿಸಿ ನೋಡಿ, ಕತ್ತು ನೋಡು, ಗತ್ತು ನೋಡು, ಇದು ಗಂಡು, ನಂಗೆ ಹಿಡಿದ್ರೆ ಸಾಕು ಗೊತ್ತಾಗತ್ತೆ ಎಂದಿದ್ದರು. ಕಳೆದ ಭಾನುವಾರ ಸಂಜೆ ಒಂದು, ಮಂಗಳವಾರ ಮಧ್ಯಾಹ್ನ ಇನ್ನೊಂದು ಮೊಟ್ಟೆ ಬಿತ್ತು. ಪರೀಕ್ಷೆಯ ಓಡಾಟದಿಂದ ಗಂಡ ಈ ವಾರವೆಲ್ಲ ತಾರಸಿ ಹತ್ತಿರಲಿಲ್ಲ. ಮೊಟ್ಟೆಯ ಸುದ್ದಿಯನ್ನು ನನ್ನ ಬಾಯಿಂದಲೇ ಕೇಳಿ, ಊಟ ಬಿಟ್ಟು ಎದ್ದು ನಿಂತು ಸಂತೋಷಪಟ್ಟರು. ಮೂವತ್ತು ವರ್ಷದ ಸಂಸಾರದಲ್ಲಿ ನನ್ನ ಯಾವ ಸುದ್ದಿಗೂ ಅವರು ಹಾಗೆ ಎದ್ದು ನಿಂತದ್ದಿಲ್ಲ. ರೈಟರ್ ಇದನ್ನು ಬರೆಯಬೇಕಾ ಎಂದು ಕೇಳಿದರು, ಬರೆಯಿರಿ ಎಂದೆ.

ಬುಧವಾರ ಹಕ್ಕಿಗಳ ಸ್ನಾನವಾಯಿತು. ಶುಕ್ರವಾರ ಟ್ಯಾಂಕ್ ತೊಳೆಯುವುದಿದ್ದುದರಿಂದ ಕಟ್ಟಡದ ಮಾಲೀಕರು ಬುಧವಾರ ಸಂಜೆಯೇ ಪಂಪ್ ನಿಲ್ಲಿಸಿದರು. ಅದು ಮೊದಲೇ ಗೊತ್ತಿದ್ದುದರಿಂದ ಗಂಡ ಬೆಳಿಗ್ಗೆ ಹೊರಡುವಾಗಲೇ, ಟಬ್ಬಿನ ನೀರು ಚೆಲ್ಲಬೇಡ, ಎರಡು ದಿನ ಹೆಂಗೋ ನಡೀತದೆ ಎಂದರು. ನನಗೂ ಬಕೆಟ್ ಹೊರುವುದು ತಪ್ಪಿತಲ್ಲ ಎಂದು ನಾನೂ ಸುಮ್ಮನಾದೆ. ಗುರುವಾರದ ಹೊತ್ತಿಗೆ ಆ ನೀರಿನ ಮೇಲೆ ಪುಕ್ಕ, ಬಿಳಿ ಹುಡಿ ಎಲ್ಲ ತೇಲುತ್ತಿತ್ತು. ಹಕ್ಕಿಗಳು ಅದನ್ನೇ ಕುಡಿದವು.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಟ್ಯಾಂಕಿನವರು ಬಂದರು. ನಾನು ಕಾಳು ಹಾಕಲು ಹತ್ತಿದಾಗ ಅವರು ಟ್ಯಾಂಕಿನ ಒಳಗಿದ್ದರು, ಬ್ರಷ್ ಉಜ್ಜುವ ಸದ್ದು ಮಾತ್ರ ಕೇಳುತ್ತಿತ್ತು. ಆಗ ಮೊಟ್ಟೆಯ ಮೇಲೆ ಕೂತಿದ್ದುದು ಬಿಳಿ ಹಕ್ಕಿ. ಬೂದು ಹಕ್ಕಿ ಗೋಡೆಯ ಮೇಲೆ ಕೂತಿತ್ತು. ಬುಧವಾರ, ಗುರುವಾರ ಮಧ್ಯಾಹ್ನವೂ ಕಾವು ಕೂತದ್ದು ಬಿಳಿಯದೇ. ಒಂದು ಗಂಟೆಗೆ ಅವರು ಕೆಲಸ ಮುಗಿಸಿ, ಮೊದಲ ಬಕೆಟ್ ನೀರು ಕುಡೀಬೇಡಿ ಟೈಲರಮ್ಮ, ಬ್ಲೀಚಿಂಗ್ ವಾಸನೆ ಇರತ್ತೆ ಎಂದು ನಮ್ಮ ಬಾಗಿಲಲ್ಲಿ ಹೇಳಿ ಹೋದರು. ಅವರ ಕೈಯಲ್ಲಿ ಬ್ರಷ್ ಮತ್ತು ಪೈಪ್ ಬಿಟ್ಟು ಬೇರೇನೂ ಇರಲಿಲ್ಲ.

ಸಂಜೆ ಐದೂವರೆಗೆ ನಾನು ಹೊಸ ನೀರು ಹೊತ್ತುಕೊಂಡು ಹತ್ತಿದೆ. ಆಗ ಮೊಟ್ಟೆಯ ಮೇಲೆ ಬೂದು ಹಕ್ಕಿ ಇತ್ತು. ಕಣ್ಣು ಅರ್ಧ ಮುಚ್ಚಿ, ಪುಕ್ಕ ಉಬ್ಬಿಸಿಕೊಂಡು ಕೂತಿತ್ತು. ಹಿಕ್ಕೆ ಹಸಿರು ನೀರಾಗಿತ್ತು. ಆ ಕೊಳಕು ನೀರಿನಿಂದಲೋ ಇನ್ನೇತರಿಂದಲೋ ನನಗೆ ಗೊತ್ತಿಲ್ಲ. ಗೊತ್ತಿದ್ದದ್ದು ಒಂದೇ, ಗೂಡಿನಲ್ಲಿ ಕಾಯಿಲೆಯ ಹಕ್ಕಿ ಕಂಡರೆ ಮಿಕ್ಕವಕ್ಕೆ ಹರಡೀತು ಎಂದು ನನ್ನ ಗಂಡ ಅದರ ಕತ್ತು ತಿರುಚಿಬಿಡುತ್ತಾರೆ. ಹೋದ ವರ್ಷ ಎರಡನ್ನು ಹಾಗೆ ಮಾಡಿ ಕೈ ತೊಳೆದು ಊಟಕ್ಕೆ ಕೂತರು. ಹಾಗಾಗಿ ಬೂದು ಹಕ್ಕಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಲೈನಿಂಗ್ ಬಟ್ಟೆಯಲ್ಲಿ ಸುತ್ತಿ, ಎರಡು ಬೀದಿ ಆಚೆ ಗುಂಡಿ, ದಾರದ ಅಂಗಡಿ ಇಟ್ಟಿರುವ ನನ್ನ ಗೆಳತಿಯ ಮನೆಯಲ್ಲಿ ಬಿಟ್ಟು ಬಂದೆ. ಅವಳು, ಇದೊಂದು ಬಾಕಿ ಇತ್ತು ನೋಡು ನನಗೆ ಎಂದು ಬೈದುಕೊಂಡೇ ಬುಟ್ಟಿ ಖಾಲಿ ಮಾಡಿ ಕೊಟ್ಟಳು.

ನಿನ್ನೆ ಶನಿವಾರ ಶಾಲೆಗೆ ರಜೆ. ಎಂಟು ಗಂಟೆಗೆ ಗಂಡ ತಾರಸಿ ಹತ್ತಿ, ಹಕ್ಕಿ ಇಲ್ಲವೆಂದು ಕೂಗಾಡಿ ಇಳಿದು ಬಂದರು. ಆಗಲೇ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅವರಿಗೆ ಕೋಪ ಮೂಗಿನ ತುದಿಯಲ್ಲೇ, ಇಳಿದ ಮೇಲೆ ಹೇಳೋಣ ಎಂದುಕೊಂಡೆ. ಮಧ್ಯಾಹ್ನ ಅವರು ಬಂದು ಕಂಪ್ಲೇಂಟ್ ಕೊಟ್ಟೆ ಎಂದರು. ಯಾರ ಮೇಲೆ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇಂದು ಬೆಳಿಗ್ಗೆ ಏಳಕ್ಕೆ ಟ್ಯಾಂಕಿನವರ ಹೆಂಡತಿ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಗಂಡನ ಒಣಬಟ್ಟೆಯ ಚೀಲವಿತ್ತು. ಜಗಳ ಮಾಡಲಿಲ್ಲ. ಪಕ್ಕದ ಕಟ್ಟಡದ ಟ್ಯಾಂಕಿನೊಳಗಿಂದ ಪೊಲೀಸ್ನೋರು ಅವರನ್ನ ಎಬ್ಬಿಸಿಕೊಂಡು ಹೋದ್ರು ಅಕ್ಕಾ, ನಿನ್ನೆ ಮಧ್ಯಾಹ್ನದಿಂದ ಒದ್ದೆ ಬಟ್ಟೇಲೇ ಇದಾರೆ, ನಿಮ್ಮನೆಯೋರು ಒಂದು ಮಾತು ಹೇಳಿದ್ರೆ ಬಿಡ್ತಾರಂತೆ ಎಂದರು. ಚೀಲವನ್ನು ನಾನೇ ಇಸಿದುಕೊಂಡೆ.

ಗಂಡನನ್ನು ಎಬ್ಬಿಸಿ ಕೇಳಿದೆ. ಅವರು ಹಾಸಿಗೆಯಲ್ಲೇ ಕೂತು ವಿವರಿಸಿದರು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕಾವು ಕೂರುವುದು ಗಂಡು, ಮಿಕ್ಕ ಹೊತ್ತು ಹೆಣ್ಣು. ಕಾವು ಕೂತ ಹಕ್ಕಿಯನ್ನು ಯಾರು ಬೇಕಾದರೂ ಕೈಯಲ್ಲಿ ಎತ್ತಬಹುದು. ಹೋದದ್ದು ಗಂಡು, ಆದ್ದರಿಂದ ಹೋದದ್ದು ಮಧ್ಯಾಹ್ನ, ಮಧ್ಯಾಹ್ನ ತಾರಸಿಯಲ್ಲಿದ್ದವನು ಟ್ಯಾಂಕಿನವನು, ಲೆಕ್ಕ ಸರಿಯಾಯ್ತಲ್ಲ ಎಂದರು. ಇದೇ ಲೆಕ್ಕವನ್ನು ಅವರು ಇಲ್ಲಿ ಸಾಹೇಬರಿಗೂ ಹೇಳಿದ್ದಾರೆ, ಸಾಹೇಬರು ಒಪ್ಪಿದ್ದಾರೆ.

ಲೆಕ್ಕ ಸರಿ, ಹಕ್ಕಿ ತಪ್ಪು ಎಂದೆ. ಮೂರು ಮಧ್ಯಾಹ್ನ ಕಾವು ಕೂತದ್ದು ಬಿಳಿಯದು, ಹಾಗಾದರೆ ಬಿಳಿಯದೇ ಗಂಡು, ಬೂದು ಹೆಣ್ಣು, ಅದು ಸಂಜೆ ಮೊಟ್ಟೆಯ ಮೇಲಿದ್ದಾಗ ಎತ್ತಿದವಳು ನಾನು ಎಂದೆ. ಅವರು, ಗಂಡು ಯಾವುದು ಹೆಣ್ಣು ಯಾವುದು ಅಂತ ನಿನ್ನಿಂದ ಕಲೀಬೇಕಾ ನಾನು ಎಂದರು. ನಾನು ಕದ್ದದ್ದಕ್ಕೆ ಅವರಿಗೆ ಸಿಟ್ಟು ಬರಲಿಲ್ಲ, ಹಕ್ಕಿ ಹೆಣ್ಣು ಎಂದದ್ದಕ್ಕೆ ಬಂತು. ಠಾಣೆಗೆ ಹೋಗಿ ಹೇಳೋಣ ಬನ್ನಿ ಎಂದರೆ, ಬೀದಿಯೆಲ್ಲ ನಗತ್ತೆ, ನಾಳೆ ಬಿಟ್ಟೇ ಬಿಡ್ತಾರೆ, ಸುಮ್ಮನಿರು ಎಂದರು. ಇನ್ನೊಂದು ರಾತ್ರಿ ಒದ್ದೆಯಲ್ಲಿ ಕೂರುವವರು ಅವರಲ್ಲವಲ್ಲ. ನನಗೆ ಸಾಕಾಗಿ ಹೋಯಿತು. ಚೀಲ ಹಿಡಿದು ನೆಟ್ಟಗೆ ಇಲ್ಲಿಗೆ ಬಂದೆ.

ಹಕ್ಕಿ ಗುಂಡಿ ಅಂಗಡಿಯವಳ ಮನೆಯಲ್ಲಿ ಬದುಕಿದೆ, ನಿನ್ನೆಯಿಂದ ಕಾಳು ಮುಟ್ಟುತ್ತಿದೆ. ಯಾರಾದರೂ ಹೋಗಿ ನೋಡಬಹುದು. ನನ್ನ ಮೇಲೆ ಏನು ಕೇಸ್ ಹಾಕುವುದಿದ್ದರೂ ಹಾಕಬಹುದು ಎಂದೆ. ಮನೆಯ ಹಕ್ಕಿಯನ್ನು ಮನೆಯವಳೇ ತೆಗೆದರೆ ಅದು ಕಳ್ಳತನವಲ್ಲ ಎಂದು ಸಾಹೇಬರು ಹೇಳಿ, ಟ್ಯಾಂಕಿನವರಿಗೆ, ನೀನಿನ್ನು ಹೊರಡಪ್ಪ ಎಂದರು.

ಟ್ಯಾಂಕಿನವರು ಏಳಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, ಎಲ್ಲಿಗೆ ಹೋಗ್ಲಿ ಸ್ವಾಮಿ, ನನ್ನನ್ನ ಎಳ್ಕೊಂಡು ಬರೋವಾಗ ಬೀದಿಯೋರೆಲ್ಲ ಕಿಟಕೀಲಿದ್ರು, ಜನ ಕುಡಿಯೋ ನೀರಿನೊಳಗೆ ಇಳಿಯೋನು ನಾನು, ಕಳ್ಳ ಅಂದ ಮೇಲೆ ಯಾರು ಇಳಿಸ್ತಾರೆ ಎಂದರು. ಸಾಹೇಬರು ಫೋನು ನೋಡಿಕೊಂಡರು.

ನಮ್ಮ ತಾರಸಿಯ ಬೀಗದ ಕೈ ನನ್ನ ಪರ್ಸಿನಲ್ಲಿತ್ತು. ತೆಗೆದು ಅವರ ಮುಂದೆ ಮೇಜಿನ ಮೇಲೆ ಇಟ್ಟು, ಇನ್ನು ಟ್ಯಾಂಕ್ ತೊಳೆಯಲು ಹತ್ತುವಾಗ ಇದು ನಿಮ್ಮ ಕೈಯಲ್ಲೇ ಇರಲಿ, ಇವತ್ತು ನನ್ನ ಜೊತೆ ನಡೆದು ಬನ್ನಿ, ಎಲ್ಲ ಬಾಗಿಲೂ ನಾನೇ ತಟ್ಟಿ ಹೇಳುತ್ತೇನೆ, ನಿಮ್ಮ ಮಾತು ಒಂದೂ ಬೇಡ ಎಂದೆ. ಅವರು ಬೀಗದ ಕೈಯನ್ನು ನೋಡಿದರು, ಮುಟ್ಟಲಿಲ್ಲ. ನಾನು ತಂದುಕೊಟ್ಟ ಒಣಬಟ್ಟೆಯ ಚೀಲವನ್ನೂ ಬಿಚ್ಚಿಲ್ಲ. ಇದನ್ನು ಬರೆಸುತ್ತಿರುವಾಗಲೂ ಬೀಗದ ಕೈ ಮೇಜಿನ ಮೇಲೇ ಇದೆ. ಅವರು ಏಳುವವರೆಗೆ ನಾನೂ ಇಲ್ಲಿಂದ ಏಳುವುದಿಲ್ಲ.

ನಾನು ಹೇಳಿದಂತೆಯೇ ಬರೆದದ್ದನ್ನು ರೈಟರ್ ಓದಿ ಹೇಳಿದರು, ನಾನು ಕೇಳಿದೆ, ಎಲ್ಲವೂ ನಿಜ, ಯಾರ ಬಲವಂತವೂ ಇಲ್ಲ.

ಸ್ಥಳ: ಠಾಣೆಯ ಮುಂದಿನ ಕೋಣೆ
ದಿನ: ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ
ಹೇಳಿಕೆ ಕೊಟ್ಟವಳ ರುಜು