ಬಾವಿಯ ಬಾಯಿ ಮುಚ್ಚಿಸುವ ಸಹಿ

ಮಾನ್ಯ ಅಧ್ಯಕ್ಷರೇ, ಬಣ್ಣದ ಕಾರ್ಖಾನೆಯಿಂದ ಮುಖ್ಯ ಅತಿಥಿಗಳಾಗಿ ಬಂದಿರುವ ವ್ಯವಸ್ಥಾಪಕರೇ, ಸಹೋದ್ಯೋಗಿಗಳೇ, ಹಿಂದಿನ ಬೆಂಚಿನಲ್ಲಿ ಪಿಸುಗುಡುತ್ತಿರುವ ಮಕ್ಕಳೇ, ಸಭಿಕರೇ,

ಈ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ಇದು ನನ್ನ ಕೊನೆಯ ಭಾಷಣ. ಬೀಳ್ಕೊಡುಗೆಯಲ್ಲಿ ಸತ್ತವರನ್ನು ಹೊಗಳುವಂತೆ ಹೊಗಳುತ್ತಾರೆ. ಸಂತೋಷ. ಆದರೆ ನಾನಿನ್ನೂ ಬದುಕಿದ್ದೇನೆ.

ಕಾರ್ಖಾನೆಯವರು ಶಾಲೆಗೆ ನೀರು ಶುದ್ಧ ಮಾಡುವ ಯಂತ್ರ ಕೊಟ್ಟಿದ್ದಾರೆ. ದೊಡ್ಡ ಮನಸ್ಸು. ಜೊತೆಗೊಂದು ಚಿಕ್ಕ ಕೋರಿಕೆ: ಮಕ್ಕಳ ಸುರಕ್ಷತೆಗಾಗಿ ಅಂಗಳದ ಹಳೆಯ ಬಾವಿಗೆ ಮಣ್ಣು ತುಂಬಬೇಕಂತೆ. ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿ ವರ್ಷಗಳಾದವು. ಅದರೊಳಗೆ ಬೀಳಬೇಕೆಂದರೆ ಮೊದಲು ವೆಲ್ಡಿಂಗ್ ಕಲಿಯಬೇಕು. ಹಾಗಾದರೆ ಈ ಬಾವಿಗೆ ಹೆದರುತ್ತಿರುವವರು ಯಾರು? ಹೊಳೆ ದಂಡೆಯ ಬೀದಿಯಲ್ಲಿ ಮುಚ್ಚದೆ ಉಳಿದಿರುವುದು ಇದೊಂದೇ ಬಾವಿ. ಕಾರ್ಖಾನೆಯ ಮೇಲಿನ ಮೊಕದ್ದಮೆಗಾಗಿ ಸೋಮವಾರ ನ್ಯಾಯಾಲಯದ ಪರೀಕ್ಷಕರು ನೀರು ತೆಗೆಯಲು ಬರುವುದು ಇಲ್ಲಿಗೇ. ಅದರ ಬಾಯಿ ಮುಚ್ಚಿಸಲು ಇಷ್ಟು ಅವಸರವೇ?

"ಹೊಳೆ ಬೇರೆ, ಬಾವಿ ಬೇರೆ" ಎಂದು ಈಗಷ್ಟೇ ಅತಿಥಿಗಳು ಹೇಳಿದರು. ಮುಂದಿನ ಸಾಲಿನಲ್ಲಿ ಗಡಿಯಾರ ನೋಡುತ್ತಿರುವ ನನ್ನ ಯಜಮಾನರು ಆ ಕಾರ್ಖಾನೆಯಲ್ಲೇ ಬಣ್ಣ ಕಲಸಿದವರು; ಮನೆಯಲ್ಲಿ ಅವರೂ ಇದನ್ನೇ ಹೇಳುತ್ತಿದ್ದರು. ಮೇಲೆ ಎರಡಿರಬಹುದು ಸ್ವಾಮಿ, ಕೆಳಗೆ ಒಂದೇ. ನಾವು ಬಾವಿಯಿಂದ ಎತ್ತಿದಷ್ಟೂ ಹೊಳೆಯ ನೀರು ಮರಳಿನೊಳಗೆ ಜಿನುಗಿ ಬಂದು ಆ ಜಾಗ ತುಂಬುತ್ತದೆ. ಮರಳು ಕಸಕಡ್ಡಿ ಸೋಸುತ್ತದೆ. ನೀರಿನಲ್ಲಿ ಕರಗಿದ ಉಪ್ಪನ್ನು, ಬಣ್ಣದ ವಿಷವನ್ನು ಸೋಸುತ್ತದೆಯೇ? ಮಳೆ ಬಂದರೆ ಹೊಳೆಯಾದರೂ ತೊಳೆದುಕೊಂಡು ಹೋಗುತ್ತದೆ. ನೆಲದಡಿ ಸೇರಿದ್ದು ಅಲ್ಲೇ ಕೂರುತ್ತದೆ.

ಕಾರ್ಖಾನೆ ಹೊಳೆಗೆ ಕೊಳವೆ ಬಿಟ್ಟ ಕಾಲದಲ್ಲೇ ಅತ್ತೆ ಅಡುಗೆಮನೆಯನ್ನು ನನಗೊಪ್ಪಿಸಿದರು. ಆಮೇಲೆ ನಮ್ಮ ಮನೆಯಲ್ಲಿ ಬೇಳೆ ಬೇಯುವುದೇ ನಿಂತಿತು. ನನ್ನ ಮನಸ್ಸು ಒಲೆಯ ಮುಂದೆ ಇರುವುದಿಲ್ಲ, ಶಾಲೆಯಲ್ಲಿರುತ್ತದೆ ಎಂದು ಅತ್ತೆ ಬೈಯುತ್ತಿದ್ದರು. ಅಂಗಡಿಯವನಿಗೂ ಬೈಗುಳ ಬಿತ್ತು. ಒಮ್ಮೆ, ಆಗ ಹಿತ್ತಲಲ್ಲಿದ್ದ ಬಾವಿಯ ನೀರು ಬಿಟ್ಟು, ತವರಿನಿಂದ ಬಿಂದಿಗೆ ನೀರು ತಂದು ಅದೇ ಬೇಳೆಯನ್ನಿಟ್ಟೆ. ಮೆತ್ತಗೆ ಬೆಂದಿತು. ಅತ್ತೆ ಎರಡು ಸಲ ಬಡಿಸಿಕೊಂಡು ಉಂಡರು. ಕೈ ತೊಳೆದು ಬಂದು, "ಇಷ್ಟು ವರ್ಷ ಸುಮ್ಸುಮ್ನೆ ನಿನ್ನ ಬೈದೆನಲ್ಲೇ. ಬೈಸ್ಕೋಬೇಕಾದವರು ಹೊಳೆ ದಂಡೇಲಿ ಕೂತಿದ್ದಾರೆ" ಎಂದರು. ಯಜಮಾನರು ತಟ್ಟೆಯಿಂದ ತಲೆಯೆತ್ತಲಿಲ್ಲ. "ಅವರ ಅನ್ನ ತಿಂತಿದ್ದೀವಿ, ಸುಮ್ನಿರಿ" ಎಂದರು. ಸುಮ್ಮನಾದೆವು. ಆ ಮನೆಯಲ್ಲಿ ಇನ್ನೂ ಎಷ್ಟೆಷ್ಟಕ್ಕೆ ಸುಮ್ಮನಿದ್ದೆನೋ... ಇರಲಿ, ಇದು ಮಕ್ಕಳಿರುವ ಸಭೆ. ನನಗೆ ಆ ಕೋಪ ಇಂದಿಗೂ ಆರಿಲ್ಲ.

ಆದ್ದರಿಂದ ವ್ಯವಸ್ಥಾಪಕರೇ, ನಿಮ್ಮ ಬೇಳೆ ಇಲ್ಲಿ ಬೇಯುವುದಿಲ್ಲ. ನಮ್ಮದನ್ನೇ ನೀವು ಬೇಯಲು ಬಿಡಲಿಲ್ಲ. ಯಂತ್ರ ಬೇಕಾದರೆ ಬಿಟ್ಟುಹೋಗಿ, ಬೇಡವಾದರೆ ಹೊತ್ತುಕೊಂಡು ಹೋಗಿ. ಗೇಟಿನ ಮುಂದೆ ನಿಂತಿರುವ ಮಣ್ಣಿನ ಲಾರಿಯನ್ನು ಮಾತ್ರ ಹಿಂದಕ್ಕೆ ಕಳಿಸಿ. ಬಾವಿ ಮುಚ್ಚಲು ನನ್ನ ಸಹಿ ಬೇಕು. ನಾನು ಹಾಕುವುದಿಲ್ಲ. ಸಂಜೆ ಐದಕ್ಕೆ ನಾನು ನಿವೃತ್ತಳು, ಆಮೇಲೆ ಬೇರೆಯವರಿಂದ ಹಾಕಿಸಿಕೊಳ್ಳೋಣ ಎಂದುಕೊಂಡಿದ್ದೀರಾ? ಐದರ ಮೇಲೆ ನಾನು ಯಾರ ಅಪ್ಪಣೆಯೂ ಬೇಕಿಲ್ಲದ ಹೆಂಗಸು. ಸೋಮವಾರದವರೆಗೆ ಆ ಬಾವಿಕಟ್ಟೆಯ ಮೇಲೆ ಕುಳಿತಿರುತ್ತೇನೆ. ಮಣ್ಣು ಸುರಿಯುವವರು ನನ್ನ ಮೇಲೆ ಸುರಿಯಲಿ.

ಯಜಮಾನರನ್ನೂ ಈ ಸಭೆಯಲ್ಲೇ ಕೇಳುತ್ತಿದ್ದೇನೆ: ಈಗಲೂ ಸುಮ್ಮನಿರಬೇಕೇ?

ಅವರು ಎದ್ದು ಹೊರಟರು. ದಯವಿಟ್ಟು ಯಾರೂ ತಡೆಯಬೇಡಿ, ದಾರಿ ಬಿಡಿ. ಕೂತಿದ್ದ ಕುರ್ಚಿಯನ್ನೂ ಎತ್ತಿಕೊಂಡಿದ್ದಾರೆ, ಬಾವಿಯ ಕಡೆಗೇ ಹೋಗುತ್ತಿದ್ದಾರೆ.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಧನ್ಯವಾದ. ನಾನೂ ಹೊರಟೆ, ನಮಸ್ಕಾರ.